ಬಸವ ಎಂದು ಬರೆಯಲು ಎಷ್ಟು ಅಕ್ಷರ ಬೇಕು?

(ಕೆಂಗಲ್‌ನಲ್ಲಿ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟ ವಿಷಯ 'ವಚನ ಸಾಹಿತ್ಯ ಮತ್ತು ಶಿಕ್ಷಣ'. ಅಷ್ಟು ದೊಡ್ಡ ವಿಷಯವನ್ನು ಹೊರುವ ಶಕ್ತಿ ನನಗಿಲ್ಲ. ನಾನು ಸಿವಿಲ್ ಎಂಜಿನಿಯರ್. ಸರ್ಕಾರಿ ಕೆಲಸದಲ್ಲಿ ರಸ್ತೆ, ಸೇತುವೆ, ಕೆರೆ ಏರಿ ನೋಡಿಕೊಂಡು ನಿವೃತ್ತನಾದವನು. ಆದ್ದರಿಂದ ಆ ವಿಷಯದ ತಳಪಾಯದ ಒಂದು ಕಲ್ಲನ್ನು ಮಾತ್ರ ಮುಟ್ಟುತ್ತೇನೆ. ನಾಲ್ಕೈದು ವರ್ಷದ ಮಗುವಿನ ಬೆರಳಿಗೂ ಬಾಯಿಗೂ ಅಕ್ಷರ ಹೇಗೆ ಬರುತ್ತದೆ, ನಾವು ಅದಕ್ಕೆ ಹೇಗೆ ನೆರವಾಗಬಹುದು, ಹೇಗೆ ಅಡ್ಡ ನಿಲ್ಲುತ್ತೇವೆ ಎಂಬುದಷ್ಟೇ ನನ್ನ ಮಾತು.

ಹೋದ ವರ್ಷ ಬಸವ ಜಯಂತಿಯ ದಿನ ಒಂದು ಊರಿನಲ್ಲಿ ಮಕ್ಕಳಿಗೆ ವಚನ ಕಂಠಪಾಠ ಸ್ಪರ್ಧೆ ಇಟ್ಟಿದ್ದರು. ತೀರ್ಪುಗಾರರಲ್ಲಿ ನಾನೂ ಒಬ್ಬ. ನಾಲ್ಕನೇ ತರಗತಿಯ ಒಂದು ಹುಡುಗಿ ನಲವತ್ತು ವಚನಗಳನ್ನು ಒಂದಕ್ಷರ ತಪ್ಪದೆ ಹೇಳಿದಳು. ಎಂಥ ಸ್ಪಷ್ಟ ಉಚ್ಚಾರ, ಎಂಥ ಧ್ವನಿ! ಮೊದಲ ಬಹುಮಾನ ಅವಳಿಗೇ. ಬಹುಮಾನವಾಗಿ ಕೊಟ್ಟದ್ದು ವಚನಗಳ ಪುಸ್ತಕ. ಪುಸ್ತಕ ಕೈಗಿಡುವಾಗ ನಾನು ಸುಮ್ಮನಿರಬಹುದಿತ್ತು. ಒಂದು ಪುಟ ತೆರೆದು, "ಇದನ್ನೊಂದು ಓದವ್ವ, ಎಲ್ಲರೂ ಕೇಳಲಿ" ಎಂದೆ. ಅವಳು ಪುಟವನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಪುಟ ನೋಡುತ್ತ ಗಟ್ಟಿಯಾಗಿ ಒಂದು ವಚನ ಹೇಳಿದಳು. ಸಭೆ ಚಪ್ಪಾಳೆ ಹೊಡೆಯಿತು. ಆ ಪುಟದಲ್ಲಿದ್ದದ್ದು ಬೇರೆ ವಚನ. ಅದು ಗೊತ್ತಿದ್ದದ್ದು ನನಗೆ ಮತ್ತು ಆ ಮಗುವಿಗೆ ಇಬ್ಬರಿಗೇ.

ಅವಳ ಕಣ್ಣಿನಲ್ಲಿದ್ದ ಹೆದರಿಕೆಯನ್ನು ನಾನು ಹಿಂದೆಯೂ ಒಮ್ಮೆ ಕಂಡಿದ್ದೆ, ನನ್ನ ಮನೆಯಲ್ಲೇ. ಅದನ್ನೂ ಹೇಳಿಬಿಡುತ್ತೇನೆ. ಎಂಜಿನಿಯರಿಂಗ್ ಓದುವಾಗ ನಮಗೆ ನಕ್ಷೆಯ ಮೇಲೆ ಅಕ್ಷರ ಬರೆಯುವುದನ್ನು ಪ್ರತ್ಯೇಕವಾಗಿ ಕಲಿಸುತ್ತಿದ್ದರು. ಮೇಲೊಂದು ಗೆರೆ, ಕೆಳಗೊಂದು ಗೆರೆ, ಅಕ್ಷರ ಎರಡಕ್ಕೂ ತಾಗಬೇಕು, ದಾಟಬಾರದು. ನನ್ನ ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ನಾನು ಅದೇ ಶಿಸ್ತನ್ನು ಅವನ ಪುಸ್ತಕದಲ್ಲಿ ಶುರುಮಾಡಿದೆ. ದಿನಕ್ಕೆ ಎರಡು ಪುಟ 'ಅ', ಮರುದಿನ ಎರಡು ಪುಟ 'ಆ'. ಗೆರೆ ದಾಟಿದರೆ ಕೈಗೆ ಅಡಿಪಟ್ಟಿಯ ಏಟು. ಒಂದು ದಿನ ಅವನ ಸ್ಲೇಟು ಕಾಣೆಯಾಯಿತು. ನಾಲ್ಕು ದಿನ ಕಳೆದು ನನ್ನ ಹೆಂಡತಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗ ತಳದಲ್ಲಿ ಸಿಕ್ಕಿತು. ಅವನು ಅಲ್ಲಿ ಹೂತಿಟ್ಟಿದ್ದ. ಆಮೇಲೆ ಅವನಿಗೆ ಅಕ್ಷರ ಕಲಿಸಿದವಳು ಅವಳೇ, ಅದೇ ಅಕ್ಕಿಯನ್ನು ತಟ್ಟೆಯಲ್ಲಿ ಹರಡಿ. ಎಸ್ಸೆಸ್ಸೆಲ್ಸಿ ಓದಿದ್ದ ಆಕೆಗೆ ತಿಳಿದದ್ದು ಡಿಗ್ರಿ ಪಡೆದ ನನಗೆ ತಿಳಿಯಲಿಲ್ಲ.

ತಟ್ಟೆಯ ಅಕ್ಕಿಯಲ್ಲಿ ಅಕ್ಷರ ತಿದ್ದುವುದನ್ನು ನಾವು ಅಕ್ಷರಾಭ್ಯಾಸದ ಒಂದು ದಿನದ ಶಾಸ್ತ್ರ ಎಂದುಕೊಂಡಿದ್ದೇವೆ. ಒಂದು ಕಾಲಕ್ಕೆ ಅದೇ ಪಾಠದ ಕ್ರಮವಾಗಿತ್ತು. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೆ ಊರ ಶಾಲೆಗಳ ಲೆಕ್ಕ ಕಳಿಸಿ ಎಂದು ಆಜ್ಞೆ ಮಾಡಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಆ ವರದಿ ಇಂದಿಗೂ ಓದಲು ಸಿಗುತ್ತದೆ, ನಮ್ಮವರು ಓದಬೇಕು. ಬಳ್ಳಾರಿ ಜಿಲ್ಲೆಯಲ್ಲಿ ಆಗ 533 ಶಾಲೆ, ಅದರಲ್ಲಿ ಕನ್ನಡದವು 235. ಐದು ವರ್ಷಕ್ಕೆ ಮಗು ಶಾಲೆಗೆ ಸೇರುತ್ತದೆ, ಮೊದಲ ಕೆಲಸ ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದು, ಬೆರಳು ಚೆನ್ನಾಗಿ ಪಳಗಿದ ಮೇಲೆಯೇ ಓಲೆ, ಕಂಟ, ಕಾಗದ, ಇಲ್ಲವೇ ಕಡತ ಎಂದು ಅವನು ಬರೆಯುತ್ತಾನೆ. ಕಡತ ಎಂದರೆ ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಸೇರಿಸಿ ಬಳಿದು ಗಟ್ಟಿ ಮಾಡಿದ ಮಡಿಕೆ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆದು ಅಳಿಸಬಹುದಿತ್ತು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಡತಗಳ ನಡುವೆ ಕುಳಿತವನು. ಆ ಹೆಸರಿನ ವಸ್ತುವಿನ ಮೇಲೆ ಮಕ್ಕಳು ಅ ಆ ತಿದ್ದುತ್ತಿದ್ದರು ಎಂದು ತಿಳಿದದ್ದು ನಿವೃತ್ತಿಯ ನಂತರ. ಕಚೇರಿಯ ಕಡತದಲ್ಲಿ ಬರೆದದ್ದನ್ನು ಅಳಿಸುವಂತಿರಲಿಲ್ಲ, ಅದು ಬೇರೆ ಮಾತು.

ಈ ಮರಳಿನ ಪಾಠ ಆ ಹೊತ್ತಿಗಾಗಲೇ ಇಂಗ್ಲೆಂಡಿಗೂ ಹೋಗಿತ್ತು. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ನಮ್ಮ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಅದನ್ನು ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ನಾವು ಬಿಟ್ಟೆವು, ಅವರು ಕಲಿತರು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದ ಡಾಕ್ಟರ್ ಮರಿಯಾ ಮಾಂಟೆಸರಿ ಅವರೂ ಅಕ್ಷರವನ್ನು ಮೊದಲು ಬೆರಳಿಗೇ ಕಲಿಸಿದರು. ಮರಗೆಲಸದವರು ಉಜ್ಜಲು ಬಳಸುವ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿ, ಮಗು ಬೆರಳಾಡಿಸುವಾಗಲೇ ಅದರ ಸದ್ದನ್ನೂ ಹೇಳುವಂತೆ ಮಾಡಿದರು. ಅದೇ 1907ರ ಏಪ್ರಿಲ್‌ನಲ್ಲಿ ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಮಗು ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯಾಗಿ ಅನ್ನದ ಜೊತೆಗೆ ಅಕ್ಷರವನ್ನೂ ದಾಸೋಹ ಮಾಡಿತು. ಇಸವಿ ಒಂದಾದದ್ದು ಕಾಕತಾಳೀಯ. ಎಂಜಿನಿಯರನಿಗೆ ಅಂಕಿ ಕಂಡರೆ ಸುಮ್ಮನಿರಲು ಆಗುವುದಿಲ್ಲ.

ಕ್ಯಾಂಪ್‌ಬೆಲ್ ವರದಿಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಲಿಂಗ ಧರಿಸಿದವರ ಮಕ್ಕಳು ಶಾಲೆಯಲ್ಲಿ ಓದುತ್ತಿದ್ದ ಪುಸ್ತಕಗಳ ಪಟ್ಟಿ ಕೊಡುತ್ತಾನೆ: ಬಸವ ಪುರಾಣ, ರಾಘವಾಂಕನ ಕಾವ್ಯ, ಗಿರಿಜಾ ಕಲ್ಯಾಣ, ಅನುಭವಾಮೃತ, ಚೆನ್ನಬಸವ ಪುರಾಣ. ಕೇಳಿ ಎದೆ ಉಬ್ಬುತ್ತದೆ. ಆದರೆ ಮಕ್ಕಳು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ, ಅರ್ಥ ತಿಳಿಯದು ಎಂದೂ ಅವನೇ ಬರೆಯುತ್ತಾನೆ. ಪರಂಗಿಯವನ ಮಾತು ಎಂದು ತಳ್ಳಿಹಾಕಬಹುದಿತ್ತು. ಆ ಜಯಂತಿಯ ವೇದಿಕೆಯ ಮೇಲೆ ನಿಂತ ಮೇಲೆ ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಇನ್ನೊಂದು ಲೆಕ್ಕ: ಆ 533 ಶಾಲೆಗಳಲ್ಲಿದ್ದ ಮಕ್ಕಳು 6,641, ಅವರಲ್ಲಿ ಹೆಣ್ಣುಮಕ್ಕಳು 60. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ವಚನ ರಚಿಸಿದ ಸುಮಾರು ಆರೂವರೆ ನೂರು ವರ್ಷಗಳ ನಂತರದ ಸ್ಥಿತಿ ಅದು.

ಈಗ ತಲೆಬರಹದ ಪ್ರಶ್ನೆಗೆ ಬರುತ್ತೇನೆ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. 13 ಸ್ವರ, 2 ಯೋಗವಾಹ, 34 ವ್ಯಂಜನ. ಬಸವ ಎಂಬ ಹೆಸರಿಗೆ ಬೇಕಾದದ್ದು ಮೂರೇ ಅಕ್ಷರ. ಇಳಿ ಇಲ್ಲ, ಗುಡಿಸು ಇಲ್ಲ, ಕೊಂಬು ಇಲ್ಲ, ಒತ್ತು ಇಲ್ಲ. ಇದಕ್ಕಿಂತ ಸುಲಭವಾದ ಹೆಸರು ಬೇಕೆ? ಆದರೆ ವರ್ಣಮಾಲೆಯ ಸಾಲಿನಲ್ಲೇ ನಡೆದರೆ ಬ ಬರುವುದು 38ನೆಯದಾಗಿ, ವ 44ನೆಯದಾಗಿ, ಸ 47ನೆಯದಾಗಿ. ಎಂದರೆ 49ರಲ್ಲಿ 47 ಅಕ್ಷರ ದಾಟುವವರೆಗೆ ಮಗು ಬಸವ ಎಂದು ಬರೆಯಲಾರದು! ಅಷ್ಟರೊಳಗೆ ಏಳನೆಯದಾಗಿ ಋ ಕಲಿತಿರುತ್ತದೆ, ಇಪ್ಪತ್ತನೆಯದಾಗಿ ಙ, ಇಪ್ಪತ್ತೈದನೆಯದಾಗಿ ಞ. ಙಕಾರದಿಂದ ಶುರುವಾಗುವ ಒಂದು ಪದವನ್ನು ಮನೆಯಲ್ಲಿ ಯಾರಾದರೂ ಆಡಿದ್ದನ್ನು ಆ ಮಗು ಕೇಳಿದೆಯೇ?

ಇದನ್ನು ಅರಿತವರು ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಕಟ್ಟಿದ್ದೇ 'ನಲಿ ಕಲಿ'. ಅದರಲ್ಲಿ ಮೊದಲ ಐದು ಅಕ್ಷರ ರ, ಗ, ಸ, ದ, ಅ. ಐದು ಕಲಿತ ಕೂಡಲೇ ಮಗು ಸರ, ರಸ, ಅರಸ, ಅಗಸ, ಗರಗಸ ಓದುತ್ತದೆ. ಗರಗಸ ನೋಡಿ! ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ಮಗುವಿಗೆ ಋಷಿ ಗೊತ್ತಿರಲಿಕ್ಕಿಲ್ಲ, ಗರಗಸ ಚೆನ್ನಾಗಿ ಗೊತ್ತು. ಮುಂದಿನ ಐದು ಜ, ವ, ಮ, ಬ, ನ. ಆಗ ಮರ, ಜನ, ದನ, ಮಗ, ನಗರ ಎಲ್ಲ ಬಂದವು. ಬಸವನೂ ಬಂದ. 47ನೆಯ ಅಕ್ಷರಕ್ಕೆ ಕಾಯಬೇಕಾದದ್ದು ಹತ್ತನೆಯ ಅಕ್ಷರದೊಳಗೇ ಆಯಿತು. ಮುಂದೆ ಚ ಸೇರಿದರೆ ವಚನ, ಶ ಮತ್ತು ಣ ಸೇರಿದರೆ ಶರಣ, ಠ ಸೇರಿದರೆ ಮಠ. ನಮ್ಮ ಮೂಲದ ಮಾತುಗಳೆಲ್ಲ ಇಷ್ಟು ಹಗುರವಾಗಿರುವುದನ್ನು ನಾನು ಅರವತ್ತು ದಾಟಿದ ಮೇಲೆ ಗಮನಿಸಿದೆ. ಕೆಂಗಲ್ ಎಂಬ ನಮ್ಮ ಊರಿನ ಹೆಸರಲ್ಲಿ ಎತ್ವ, ಸೊನ್ನೆ, ಅರ್ಧಾಕ್ಷರ ಮೂರೂ ಇವೆ. ಪಾಪ, ಹೆದ್ದಾರಿಯ ಫಲಕ ಓದಲು ಮಗು ಇನ್ನೊಂದು ವರ್ಷ ಕಾಯಬೇಕು.

ಹಿರಿಯ ಉಪಾಧ್ಯಾಯರೊಬ್ಬರು ನನ್ನನ್ನು ಇಲ್ಲೇ ಒಮ್ಮೆ ತರಾಟೆಗೆ ತೆಗೆದುಕೊಂಡರು. "ಕಂಠದಿಂದ ತುಟಿಯವರೆಗೆ ಕ ಚ ಟ ತ ಪ ಎಂದು ಜೋಡಿಸಿಟ್ಟ ಶಾಸ್ತ್ರೀಯ ಕ್ರಮವನ್ನು ಕೆಡಿಸುತ್ತೀರಲ್ಲ ಎಂಜಿನಿಯರೇ?" ಎಂದರು. ಆ ಕ್ರಮದ ಮೇಲೆ ನನಗೂ ಅಪಾರ ಗೌರವವಿದೆ. ಅಷ್ಟು ಅಚ್ಚುಕಟ್ಟಾದ ಜೋಡಣೆ ಇಂಗ್ಲಿಷಿನಲ್ಲಿ ಇಲ್ಲ. ಆದರೆ ಉಗ್ರಾಣದಲ್ಲಿ ಸಾಮಾನು ಜೋಡಿಸಿಡುವ ಕ್ರಮ ಬೇರೆ, ಮನೆ ಕಟ್ಟುವಾಗ ಅವನ್ನು ಹೊರತೆಗೆಯುವ ಕ್ರಮ ಬೇರೆ. ಮೊದಲ ಕಪಾಟಿನಲ್ಲಿ ಬಾಗಿಲ ಚಿಲಕವಿದೆ ಎಂದು ಯಾರೂ ಚಿಲಕದಿಂದ ಮನೆ ಶುರುಮಾಡುವುದಿಲ್ಲ. ಓದಲು ಬಂದ ಮೇಲೆ ವರ್ಣಮಾಲೆಯನ್ನು ಹಾಡಿನಂತೆ ಕಲಿಯಲಿ, ಒಂದು ವಾರದ ಕೆಲಸ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಅವರ ಮೊಮ್ಮಗಳು ಈಗ ನಮ್ಮ ಜಗಲಿಗೆ ಬರುತ್ತಾಳೆ.

ಜಗಲಿ ಎಂದೆ. ಮೂರು ವರ್ಷದಿಂದ ಸಂಜೆ ಆರು ಗಂಟೆಗೆ ನಮ್ಮ ಮನೆಯ ಜಗಲಿಯಲ್ಲಿ ಏಳೆಂಟು ಮಕ್ಕಳು ಸೇರುತ್ತಾರೆ. ರೇಷ್ಮೆ ನೂಲು ಬಿಚ್ಚುವವರ ಮಕ್ಕಳು, ಗೊಂಬೆ ಕೆಲಸದವರ ಮಕ್ಕಳು, ಮನೆಯಲ್ಲಿ ಉರ್ದು ಆಡುವ ಇಬ್ಬರು. ತಲಾ ಒಂದು ಅಂಚಿರುವ ತಟ್ಟೆ, ಒಂದು ಹಿಡಿ ರಾಗಿ. ಅಕ್ಕಿಗಿಂತ ರಾಗಿ ವಾಸಿ: ಕಾಳು ಸಣ್ಣ, ಬೆರಳಾಡಿಸಿದ ಜಾಡು ಸ್ಪಷ್ಟವಾಗಿ ಕಾಣುತ್ತದೆ, ತಟ್ಟೆಯ ಬಿಳುಪು ಕೆಳಗಿನಿಂದ ಇಣುಕುತ್ತದೆ. ತಟ್ಟೆ ಅಲುಗಾಡಿಸಿದರೆ ತಪ್ಪು ಮಾಯ. ನಮ್ಮ ಇಲಾಖೆಯ ಅಳತೆ ಪುಸ್ತಕದಲ್ಲಿ ಒಂದು ಅಂಕಿ ತಿದ್ದಿದರೂ ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ರಾಗಿ ತಟ್ಟೆಯಲ್ಲಿ ಯಾವ ತಪ್ಪಿಗೂ ದಾಖಲೆ ಇಲ್ಲ. ಮಗು ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಸರಿ ಬರೆದರೆ ಅದಕ್ಕೆ ಕಾಣುವುದು ಹನ್ನೊಂದನೆಯದು ಮಾತ್ರ.

ತಟ್ಟೆಗೂ ಮೊದಲು ಕಿವಿಗೆ ಕೆಲಸ ಕೊಡಬೇಕು. ಇದನ್ನು ನಾನು ಬಹಳ ತಡವಾಗಿ ಕಲಿತೆ. ಚಪ್ಪಾಳೆ ತಟ್ಟಿ ಹೆಸರು ಬಿಡಿಸುವುದು: ಬ, ಸ, ವ, ಮೂರು ಚಪ್ಪಾಳೆ. ಗ, ರ, ಗ, ಸ, ನಾಲ್ಕು. "ಗರಗಸದಲ್ಲಿ ಎರಡು ಸಲ ಬರೋ ಸದ್ದು ಯಾವುದು?" ಎಂದು ಕೇಳಿದರೆ ಐದು ವರ್ಷದ ಮಗು ಕಣ್ಣು ಮುಚ್ಚಿ ಯೋಚಿಸುವುದನ್ನು ನೋಡಬೇಕು. ಸದ್ದು ಬೇರೆಬೇರೆಯಾಗಿ ಕಿವಿಗೆ ಬಿದ್ದ ಮೇಲೆ ಅದರ ಗುರುತನ್ನು ಬೆರಳಿಗೆ ಕೊಡುವುದು. ಬೆರಳು ಎಲ್ಲಿಂದ ಹೊರಡಬೇಕೋ ಅಲ್ಲಿ ಒಂದು ಕಡಲೆಕಾಳು ಇಡುತ್ತೇನೆ. ಮೊದಲ ಎರಡು ಸಲ ಕೈ ಹಿಡಿದು ನಡೆಸುತ್ತೇನೆ, ಆಮೇಲೆ ಬಿಟ್ಟುಬಿಡುತ್ತೇನೆ. ಬೆರಳು ಓಡುವಾಗ ಬಾಯಿ 'ರ' ಎನ್ನಬೇಕು. ಬಾಯಿ ಮುಚ್ಚಿಕೊಂಡು ತಿದ್ದಿದರೆ ಅದು ರಂಗೋಲಿ. ನನ್ನ ಮಗನಿಗೆ ಎರಡು ಪುಟ ಬರೆಸಿದೆನಲ್ಲ, ಅವನು ಒಂದು ಸಲವೂ 'ಅ' ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ, ನಾನೂ ಹೇಳಿಸಿರಲಿಲ್ಲ.

ಕನ್ನಡದ ಮಗುವಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ನಮ್ಮಲ್ಲಿ ಅಕ್ಷರದ ಹೆಸರೂ ಅದರ ಸದ್ದೂ ಒಂದೇ. ಸಿ, ಎ, ಟಿ ಎಂದು ಎಷ್ಟು ಬೇಗ ಕೂಗಿದರೂ ಕ್ಯಾಟ್ ಆಗುವುದಿಲ್ಲ. ಬ, ಸ, ವ ಎಂದು ಬೇಗ ಹೇಳಿದರೆ ಬಸವನೇ ಆಗುತ್ತಾನೆ. ಈ ಬಾಗಿಲು ತೆರೆದೇ ಇರುವಾಗ ಮೂರೂವರೆ ವರ್ಷದ ಮಗುವಿಗೆ ಮೊದಲು ಎ ಬಿ ಸಿ ಡಿ ತಿದ್ದಿಸಿ, ಕನ್ನಡವನ್ನು ಎರಡನೆಯ ತರಗತಿಗೆ ಮುಂದೂಡುವ ನಮ್ಮವರ ಬುದ್ಧಿಗೆ ಏನೆನ್ನಲಿ. ಇಂಗ್ಲಿಷ್ ಬೇಡ ಎನ್ನುವುದಿಲ್ಲ, ಬೇಕು. ಒಂದು ಲಿಪಿಯಲ್ಲಿ ಸದ್ದು ಮತ್ತು ಗುರುತಿನ ಗುಟ್ಟು ಹಿಡಿದ ಮಗು ಇನ್ನೊಂದಕ್ಕೆ ಬೇಗ ದಾಟುತ್ತದೆ.

ಕಾಗುಣಿತದ ಭಯಕ್ಕೂ ಒಂದು ಮಾತು. 34 ವ್ಯಂಜನಕ್ಕೆ 15 ರೂಪವೆಂದರೆ 510. ಬಾಯಿಪಾಠ ಮಾಡಿಸಿದರೆ 510 ಹೊರೆ. ರ ಕಲಿತ ಮಗುವಿಗೆ 'ರಾ' ತೋರಿಸಿ, ಇಳಿ ಬಂದರೆ ಸದ್ದು ಉದ್ದವಾಗುತ್ತದೆ ಎಂದು ಹೇಳಿ, ಸ, ಮ, ಬ ಮೇಲೆ ಅದನ್ನೇ ಪ್ರಯೋಗಿಸಲು ಬಿಡಿ. ಸೂತ್ರ ಸಿಕ್ಕ ಮೇಲೆ ಉಳಿದದ್ದನ್ನು ಅದೇ ಹೊಂದಿಸಿಕೊಳ್ಳುತ್ತದೆ. ನೋಟಕ್ಕೆ ಹತ್ತಿರವಾದ ದ, ಧ, ಥ ಅಥವಾ ಬ, ಭ ಗಳನ್ನು ಮಾತ್ರ ಒಂದೇ ವಾರದಲ್ಲಿ ಕಲಿಸಬೇಡಿ. ಕೈ ತಿರುವು ಕಲಸಿಹೋಗುತ್ತದೆ.

ಪೆನ್ಸಿಲ್ಲಿಗೆ ಅವಸರ ಬೇಡ. ಸಣ್ಣ ಬೆರಳುಗಳಿಗೆ ಮೊದಲು ಬಲ ಬರಬೇಕು. ನಮ್ಮ ಸೀಮೆಯಲ್ಲಿ ಅದಕ್ಕೇನು ಕೊರತೆ? ಅವರೆಕಾಯಿ ಕಾಲದಲ್ಲಿ ಕಾಯಿ ಸುಲಿಯಲು ಕೂರಿಸಿ, ಚಪಾತಿ ಹಿಟ್ಟು ನಾದಲು ಕೊಡಿ, ಹೂ ಪೋಣಿಸಲು ಬಿಡಿ. ಆಮೇಲೆ ಸ್ಲೇಟು, ಬಳಪ. ಐದು ವರ್ಷದ ಮಗು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಗಾಬರಿಯಾಗಬೇಡಿ, ಬಹಳ ಮಕ್ಕಳು ಹಾಗೆ ಬರೆದು ತಾವೇ ಸರಿಹೋಗುತ್ತಾರೆ. ಏಳೆಂಟು ವರ್ಷವಾದರೂ ಉಳಿದರೆ ಬೈಯುವ ಬದಲು ಕಣ್ಣು, ಕಿವಿ ತೋರಿಸಿ, ತಿಳಿದವರನ್ನು ಕೇಳಿ.

ಉಚ್ಚಾರದ ವಿಷಯದಲ್ಲಿ ನಮ್ಮ ಜನ ಸ್ವಲ್ಪ ಕಟುಕರು. ಈ ಕಡೆಯ ಎಷ್ಟೋ ಮನೆಗಳಲ್ಲಿ ಹಾಲಿಗೆ ಆಲು, ಹಸುವಿಗೆ ಅಸು ಎನ್ನುತ್ತಾರೆ. ಶರಣ ಸರಣನಾಗುತ್ತಾನೆ. ಮಗು ಹಾಗೆ ಓದಿದ ಕೂಡಲೇ ನಕ್ಕುಬಿಡುತ್ತೇವೆ. ಆ ನಗು ಮಗುವಿಗೆ ಮಾತ್ರ ತಾಗುವುದಿಲ್ಲ, ಅದಕ್ಕೆ ಮಾತು ಕಲಿಸಿದ ತಾಯಿಗೂ ತಾಗುತ್ತದೆ. ನನ್ನ ತಾಯಿ ಕೊನೆಯವರೆಗೂ ಆಲು ಎಂದೇ ಅಂದರು. ನಾನು ಮಗುವಿಗೆ ಹೇಳುವುದಿಷ್ಟು: "ಮನೇಲಿ ಆಲು ಅಂತೀವಿ, ಪುಸ್ತಕದಲ್ಲಿ ಹ ಬರೀತಾರೆ. ಹ ಅನ್ನುವಾಗ ಅಂಗೈಗೆ ಉಸಿರು ತಾಗುತ್ತೆ, ಬಾಯಿ ಮುಂದೆ ಕೈ ಇಟ್ಟು ನೋಡು." ಎರಡು ವಾರ ಜಗಲಿಯಲ್ಲಿ ಎಲ್ಲರೂ ಅಂಗೈ ಊದಿಕೊಂಡಿದ್ದರು. ಹನ್ನೆರಡನೆಯ ಶತಮಾನದ ಶರಣರು ವಚನಗಳಿಗೆ ಆರಿಸಿಕೊಂಡದ್ದು ಮನೆಯ ಮಾತನ್ನು. ನುಲಿಯ ಚಂದಯ್ಯ ಉಚ್ಚಾರದ ಪರೀಕ್ಷೆ ಪಾಸು ಮಾಡಿ ಅನುಭವ ಮಂಟಪಕ್ಕೆ ಬಂದವನಲ್ಲ.

ಆ ಹುಡುಗಿಯ ಕತೆ ಅರ್ಧಕ್ಕೆ ಬಿಟ್ಟೆ. ಜಯಂತಿಯ ಮರುವಾರ ಅವರ ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ನೂಲು ಬಿಚ್ಚುವ ಕೆಲಸದಿಂದ ಆಗಷ್ಟೇ ಬಂದಿದ್ದರು, ಬೆರಳುಗಳು ಬಿಸಿನೀರಿಗೆ ಬೆಂದು ಬಿಳಿಚಿಕೊಂಡಿದ್ದವು. ನಾನು ಬಹುಮಾನ ಕಸಿಯಲು ಬಂದೆನೆಂದು ಹುಡುಗಿ ಬಾಗಿಲ ಹಿಂದೆ ನಿಂತಳು. ವಚನಗಳನ್ನು ಅವಳಿಗೆ ಕಲಿಸಿದ್ದು ಅಜ್ಜಿ, ಬಾಯಿಂದ ಬಾಯಿಗೆ. ಅಜ್ಜಿಗೂ ಓದು ಬಾರದು. ಹತ್ತು ವರ್ಷದ ಅವಳನ್ನು ಐದು ವರ್ಷದವರ ಜೊತೆ ರಾಗಿ ತಟ್ಟೆಯ ಮುಂದೆ ಕೂರಿಸಿದರೆ ಅವಮಾನವಾಗುತ್ತದೆಂದು, "ಚಿಕ್ಕೋರಿಗೆ ಹೇಳಿಕೊಡೋಕೆ ಬಾರವ್ವ, ನನಗೆ ಆಳು ಸಾಲದು" ಎಂದೆ. ಹೇಳಿಕೊಡುತ್ತಲೇ ಕಲಿತಳು. ಬಾಯಿಪಾಠದ ವಚನಗಳು ಆಗ ಅವಳಿಗೆ ಬಂಡವಾಳವಾದವು. ಗೊತ್ತಿರುವ ಸಾಲಿನ ಮೇಲೆ ಬೆರಳಿಟ್ಟು ಪದ ಪದವಾಗಿ ಗುರುತು ಹಿಡಿದಳು. ಆದ್ದರಿಂದ ಕಂಠಪಾಠ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಹೇಳಿದ ವಚನದ ಮೇಲೆ ಬೆರಳಿಡಲು ಒಂದು ಪುಸ್ತಕವನ್ನೂ ಮುಂದಿಡಿ ಎನ್ನುತ್ತೇನೆ.

ಈ ವರ್ಷದ ಜಯಂತಿಗೆ ಅವಳು ಸ್ಪರ್ಧೆಗೆ ಸೇರಲಿಲ್ಲ. ವೇದಿಕೆಗೆ ಬಂದು ಅದೇ ಪುಸ್ತಕ ತೆರೆದು ಒಂದು ವಚನ ಓದಿದಳು. ಒತ್ತಕ್ಷರ ಬಂದಲ್ಲಿ ನಾಲ್ಕು ಸಲ ತಡೆದಳು. ಚಪ್ಪಾಳೆ ಹೋದ ವರ್ಷಕ್ಕಿಂತ ಕಡಿಮೆ ಬಿತ್ತು. ಅಜ್ಜಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಪೂಜ್ಯರಲ್ಲಿ ಒಂದು ಬಿನ್ನಹವಿದೆ. ನಮ್ಮ ಮಠಗಳಲ್ಲಿ ವಚನ ಸ್ಪರ್ಧೆಗಳಿಗೆ ಕಂಠಪಾಠದ ಬಹುಮಾನದ ಜೊತೆಗೆ ಓದುವ ಬಹುಮಾನವನ್ನೂ ಇಡಬೇಕು, ತಡೆದು ತಡೆದು ಓದಿದವರಿಗೂ ಸಿಗುವಂತೆ. ಹುಣ್ಣಿಮೆಯ ದಾಸೋಹಕ್ಕೆ ಬರುವ ಭಕ್ತರ ಸಣ್ಣ ಮಕ್ಕಳಿಗೆ ಪಂಕ್ತಿ ಏಳುವವರೆಗೆ ಒಂದು ಮೂಲೆಯಲ್ಲಿ ಹತ್ತು ತಟ್ಟೆ ಇಟ್ಟರೆ ಸಾಕು, ಖರ್ಚೇನೂ ಇಲ್ಲ. ಕಲಿಸಲು ಡಿಗ್ರಿ ಬೇಡ ಎಂಬುದಕ್ಕೆ ನನ್ನ ಮನೆಯವರೇ ಸಾಕ್ಷಿ, ಅಲ್ಲಿ ಕೊನೆಯ ಸಾಲಿನಲ್ಲಿ ಕುಳಿತು ಸಾಕು ಮುಗಿಸಿ ಎಂದು ಸನ್ನೆ ಮಾಡುತ್ತಿದ್ದಾರೆ.

ನಾಳೆ ಸಂಜೆ ಆರಕ್ಕೆ ನಮ್ಮ ಜಗಲಿಗೆ ಯಾರು ಬೇಕಾದರೂ ಮಕ್ಕಳನ್ನು ಕರೆತರಬಹುದು. ತಟ್ಟೆ ನೀವು ತನ್ನಿ, ರಾಗಿ ನಾನು ಕೊಡುತ್ತೇನೆ.